ಅನ್ಯಾಯಗಾರನಾದ ಪಾರುಪತ್ಯಗಾರನನ್ನು ಹೊಗಳಿದ್ದೇಕೆ?

ಪ್ರಶ್ನೆ (ಅಡತಿ ಅಂಗಡಿಯ ಗುಮಾಸ್ತರು, ಕಲಬುರಗಿ):
ಅಯ್ಯನವರಿಗೆ ವಂದನೆಗಳು. ನಾನು ಇಲ್ಲಿನ ಗಂಜ್‌ನಲ್ಲಿ ತೊಗರಿ ವ್ಯಾಪಾರದ ಲೆಕ್ಕ ಬರೆಯುವವನು. ಲೂಕನ ಸುವಾರ್ತೆಯ 16ನೆಯ ಅಧ್ಯಾಯದಲ್ಲಿ, ಕೆಲಸ ಕಳೆದುಕೊಳ್ಳಲಿದ್ದ ಪಾರುಪತ್ಯಗಾರನು (ಧಣಿಯ ಆಸ್ತಿಯನ್ನು ನೋಡಿಕೊಳ್ಳುವವನು) ಧಣಿಯ ಸಾಲಗಾರರು ಮುಂದೆ ತನ್ನನ್ನು ಮನೆಗೆ ಸೇರಿಸಿಕೊಳ್ಳಲೆಂದು ಅವರನ್ನು ಕರೆದು, 100 ಬುದ್ದಲಿ ಎಣ್ಣೆಯನ್ನು 50 ಎಂದೂ 100 ಖಂಡುಗ ಗೋಧಿಯನ್ನು 80 ಎಂದೂ ಪತ್ರದಲ್ಲಿ ಬರೆಸುತ್ತಾನೆ. ಆದರೂ ಧಣಿ ಅವನನ್ನು ಹೊಗಳುತ್ತಾನೆ. ನಮ್ಮಲ್ಲಿ ಯಾರಾದರೂ ಹೀಗೆ ಚೀಟಿ ತಿದ್ದಿದರೆ ಅದು ಕಳ್ಳತನವೇ. ಯೇಸುಸ್ವಾಮಿ ಇಂಥವನನ್ನು ಮುಂದಿಟ್ಟು ಬೋಧಿಸಿದ್ದೇಕೆ?

ಉತ್ತರ (ಸಭಾಪಾಲಕರು, ಬೀದರ್):
ಸಹೋದರರೇ, ನೀವು ಅದನ್ನು ಕಳ್ಳತನವೆಂದದ್ದು ಸರಿ. ಹೊಗಳಿಕೆ ಇರುವ 8ನೆಯ ವಚನವೇ ಅವನನ್ನು ಅನ್ಯಾಯಗಾರನೆಂದು ಕರೆದು, ಧಣಿ ಮೆಚ್ಚಿದ್ದು ಅವನ ಜಾಣತನವನ್ನು ಎಂದು ಹೇಳುತ್ತದೆ. ಅವನು ಬಿಟ್ಟುಕೊಟ್ಟದ್ದು ಮೋಶೆಯ ಧರ್ಮಶಾಸ್ತ್ರ ನಿಷೇಧಿಸಿದ್ದ ಬಡ್ಡಿಯನ್ನು ಇಲ್ಲವೇ ತನ್ನ ದಲಾಲಿಯನ್ನು ಮಾತ್ರ ಎಂದು ಕೆಲವು ವ್ಯಾಖ್ಯಾನಕಾರರು ವಾದಿಸುತ್ತಾರೆ. ಆದರೆ ಕಥೆಯಲ್ಲಿ ಬಡ್ಡಿಯ ಮಾತೂ ಇಲ್ಲ, ದಲಾಲಿಯ ಮಾತೂ ಇಲ್ಲವಾದ್ದರಿಂದ ನಾನು ಅದನ್ನು ಒಪ್ಪುವುದಿಲ್ಲ.

ಅವನ ಸ್ಥಿತಿಯನ್ನು ನೋಡಿ: ಲೆಕ್ಕ ಒಪ್ಪಿಸಲು ಅಪ್ಪಣೆಯಾಗಿದೆ, ಅಗೆಯಲು ಶಕ್ತಿಯಿಲ್ಲ, ಭಿಕ್ಷೆ ಬೇಡಲು ನಾಚಿಕೆ, ಪತ್ರಗಳು ಮಾತ್ರ ಇನ್ನೂ ಅವನ ವಶದಲ್ಲಿವೆ. ಬೇಗ ಕುಳಿತು ಬರೆ ಎಂದು ಸಾಲಗಾರನನ್ನು ಅವಸರಪಡಿಸುವಲ್ಲಿಯೇ ಕಥೆಯ ಜೀವವಿದೆ. 18ನೆಯ ಅಧ್ಯಾಯದಲ್ಲಿ ದೇವರಿಗೆ ಹೆದರದ ನ್ಯಾಯಾಧಿಪತಿಯೇ ವಿಧವೆಗೆ ನ್ಯಾಯ ಕೊಟ್ಟ ಮೇಲೆ ದೇವರು ಕೊಡದಿರುವನೇ ಎಂದು ಸ್ವಾಮಿ ಕೇಳುವಂತೆ, ಇಲ್ಲಿಯೂ ಕೆಟ್ಟವನೊಬ್ಬನು ಹೊಟ್ಟೆಪಾಡಿಗಾಗಿ ಇಷ್ಟು ಮುಂದಾಲೋಚನೆ ಮಾಡಿರುವಾಗ, ನಿತ್ಯಜೀವವನ್ನು ನಂಬಿದ ನಾವು ಕೈಕಟ್ಟಿ ಕುಳಿತಿರುವುದೇಕೆಂಬ ಪ್ರಶ್ನೆಯನ್ನು ಶಿಷ್ಯರ ಮುಂದೆ ಇಡುತ್ತಾರೆ.

ಒಂದು ವ್ಯತ್ಯಾಸವನ್ನಂತೂ ಮರೆಯಬಾರದು. ಆ ಧಣಿ ತನ್ನ ಸೊತ್ತನ್ನು ಹಂಚಲು ಹೇಳಿರಲಿಲ್ಲ. ನಮ್ಮ ಒಡೆಯನಾದರೋ ಇರುವುದನ್ನು ಮಾರಿ ದಾನಮಾಡಿರಿ ಎಂದು (ಲೂಕ 12:33) ತಾನೇ ಅಪ್ಪಣೆ ಕೊಟ್ಟಿದ್ದಾನೆ. ಆದ್ದರಿಂದ ಆ ಪಾರುಪತ್ಯಗಾರನ ಪಾಲಿಗೆ ಮೋಸವಾಗಿದ್ದ ಹಂಚಿಕೆ ನಮಗೆ ನಂಬಿಗಸ್ತಿಕೆಯಾಗುತ್ತದೆ.

ಮರುಪ್ರಶ್ನೆ:
9ನೆಯ ವಚನದಲ್ಲಿ ಧನದಿಂದ ಸ್ನೇಹಿತರನ್ನು ಸಂಪಾದಿಸಿಕೊಳ್ಳಿರಿ, ಅವರು ನಿಮ್ಮನ್ನು ನಿತ್ಯವಾದ ವಾಸಸ್ಥಾನಗಳಲ್ಲಿ ಸೇರಿಸಿಕೊಳ್ಳುವರು ಎಂದಿದೆಯಲ್ಲ, ಹಣ ಕೊಟ್ಟು ಪರಲೋಕವನ್ನು ಕೊಳ್ಳಬಹುದೆಂದು ಅದರ ಅರ್ಥವೇ?

ಉತ್ತರ:
ಖಂಡಿತ ಅಲ್ಲ; ದೇವರನ್ನೂ ಧನವನ್ನೂ ಒಟ್ಟಿಗೆ ಸೇವಿಸಲಾರಿರಿ ಎಂದು 13ನೆಯ ವಚನ ಆ ದಾರಿಯನ್ನೇ ಮುಚ್ಚುತ್ತದೆ. ಆ ಸ್ನೇಹಿತರು ಬಡವರೆಂದೇ ನನ್ನ ತಿಳಿವಳಿಕೆ, ಏಕೆಂದರೆ ಅದೇ ಅಧ್ಯಾಯದ ಕೊನೆಯಲ್ಲಿ, ಬಾಗಿಲ ಬಳಿ ಹುಣ್ಣುಗಳಿಂದ ತುಂಬಿ ಬಿದ್ದಿದ್ದ ಲಾಜರನನ್ನು ಸ್ನೇಹಿತನನ್ನಾಗಿ ಮಾಡಿಕೊಳ್ಳದೆ, ಸತ್ತ ಮೇಲೆ ಯಾತನೆಗೆ ಬಿದ್ದ ಐಶ್ವರ್ಯವಂತನ ಗತಿಯನ್ನು ಲೂಕನು ಬರೆದಿದ್ದಾನೆ. ನಿಮ್ಮ ಅಂಗಡಿಯ ಚೀಟಿಗಳ ವಿಷಯಕ್ಕೆ 10ನೆಯ ವಚನ ಸಾಕು: ಸ್ವಲ್ಪದರಲ್ಲಿಯೂ ನಂಬಿಗಸ್ತರಾಗಿ ಅವುಗಳನ್ನು ಇದ್ದಂತೆಯೇ ಬರೆಯಿರಿ, ದಾನವನ್ನು ನಿಮ್ಮ ಸಂಬಳದಿಂದ ಕೊಡಿರಿ.