ಹಳೆಯ ಮಾರುತಿ 800: ಪ್ಲಗ್ ಕೂರುವ ಥ್ರೆಡ್ ಹೋಗಿದೆ, ಹೆಡ್ ಇಳಿಸದೆ ಬುಷ್ ಹಾಕಿಸಬಹುದೇ?

ಪ್ರಶ್ನೆ: ಮಲ್ಪೆಯಿಂದ

ನಮ್ಮ ಮನೆಯಲ್ಲಿ ತಂದೆಯವರು ಕೊಂಡ 1998ರ ಮಾರುತಿ 800 ಇದೆ. ಕಾರ್ಬ್ಯುರೇಟರ್ ಇರುವ, ಮೂರು ಸಿಲಿಂಡರಿನ 796 ಸಿಸಿ ಎಂಜಿನ್. ಅವರು ತೀರಿಕೊಂಡ ಮೇಲೆ ಎರಡು ಮಳೆಗಾಲ ಅದು ಅಂಗಳದ ತಗಡಿನ ಮಾಡಿನಡಿಯಲ್ಲೇ ನಿಂತಿತ್ತು. ಕಳೆದ ವಾರ ಎಂಜಿನ್ನಿನೊಳಗೆ ಕಿಡಿ ಹಾರಿಸುವ ಸ್ಪಾರ್ಕ್ ಪ್ಲಗ್‌ಗಳನ್ನು ಬದಲಿಸಲು ಹೊರಟಾಗ ಅಕ್ಕಪಕ್ಕದ ಎರಡು ಸಲೀಸಾಗಿ ಬಂದವು. ಮಧ್ಯದ್ದು ಮಾತ್ರ ಮೊದಲ ಸುತ್ತಿನಿಂದಲೇ ಕಿರುಗುಟ್ಟುತ್ತ ಬಂದು, ಹೊರಗೆ ತೆಗೆದಾಗ ಅದರ ಸುತ್ತುಗಳ ನಡುವೆ ಅಲ್ಯೂಮಿನಿಯಂ ಎಳೆಗಳು ಅಂಟಿಕೊಂಡಿದ್ದವು. ಹೊಸ ಪ್ಲಗ್ ಕೈಯಿಂದ ತಳದವರೆಗೆ ಹೋಗುತ್ತದೆ, ಆದರೆ ಸ್ಪ್ಯಾನರ್ ಹಾಕಿದರೆ ಹಿಡಿತ ಸಿಗದೆ ಸುಮ್ಮನೆ ತಿರುಗುತ್ತದೆ. ಎಂಜಿನ್ ಚಾಲೂ ಮಾಡಿದರೆ ಪ್ಲಗ್ಗಿನ ಬುಡದಿಂದ ಗಾಳಿ ಸೋರುವ ಸದ್ದು ಕೇಳುತ್ತದೆ.

ಒಬ್ಬ ಮೆಕ್ಯಾನಿಕ್ ಹೆಡ್ (ಪ್ಲಗ್‌ಗಳು ಕೂರುವ, ಸಿಲಿಂಡರುಗಳ ಮೇಲಿನ ಭಾಗ) ಇಳಿಸಲೇಬೇಕು ಎನ್ನುತ್ತಾರೆ, ಇನ್ನೊಬ್ಬರು ಗಾಡಿಯಲ್ಲೇ ಟ್ಯಾಪ್ ಹೊಡೆದು (ಹೊಸ ಥ್ರೆಡ್ ಕೊರೆದು) ಬುಷ್ ಹಾಕಿಕೊಡುತ್ತೇನೆ ಎನ್ನುತ್ತಾರೆ, ಪರಿಚಯದವರೊಬ್ಬರು ಶಾಖ ತಡೆಯುವ ಪೇಸ್ಟ್ ಹಚ್ಚಿ ಕೂರಿಸಿದರೆ ಸಾಕು ಎಂದರು. ಈ ಕಾರನ್ನು ಇನ್ನೂ ಹಲವು ವರ್ಷ ಉಳಿಸಿಕೊಳ್ಳಬೇಕೆಂಬ ಆಸೆ ನನಗಿದೆ. ತಿಳಿದವರು ದಯವಿಟ್ಟು ದಾರಿ ತೋರಿಸಬೇಕು.

ಉತ್ತರ 1: ಬೈಕಂಪಾಡಿಯಿಂದ, ಹೆಡ್ ಕೆಲಸ ಮಾಡುವವನು

ಸರ್, ಮೊದಲನೆಯದಾಗಿ ಈ ಸ್ಥಿತಿಯಲ್ಲಿ ಎಂಜಿನ್ ಚಾಲೂ ಮಾಡುವುದನ್ನು ನಿಲ್ಲಿಸಿ. ಹಿಡಿತವಿಲ್ಲದ ಪ್ಲಗ್ ಸಿಡಿದು ಹೊರಗೆ ಹಾರಿದರೆ ಉಳಿದಿರುವ ಅಷ್ಟಿಷ್ಟು ಥ್ರೆಡ್ಡನ್ನೂ ಕಿತ್ತುಕೊಂಡು ಹೋಗುತ್ತದೆ. ಪೇಸ್ಟಿನ ಮಾತನ್ನು ಮರೆತುಬಿಡಿ. ಪ್ಲಗ್ಗಿನ ತುದಿಗೆ ತಗಲುವ ಶಾಖದ ಬಹುಪಾಲು ಅದರ ಥ್ರೆಡ್ ಮತ್ತು ವಾಷರ್ ಕೂರುವ ಮುಖದ ಮೂಲಕವೇ ಹೆಡ್ಡಿಗೆ ಇಳಿದುಹೋಗಬೇಕು. ಅಲ್ಲಿ ಲೋಹಕ್ಕೆ ಲೋಹ ತಾಗದೆ ನಡುವೆ ಪೇಸ್ಟ್ ತುಂಬಿದರೆ ಪ್ಲಗ್ ಮಿತಿಮೀರಿ ಕಾಯುತ್ತದೆ, ಹಿಡಿತವಂತೂ ಬರುವುದೇ ಇಲ್ಲ.

ಮೇಲಿನ ಎರಡು ಮೂರು ಸುತ್ತು ಮಾತ್ರ ಕೆಟ್ಟಿದ್ದರೆ, ಒಳಗೆ ಇಳಿಸಿ ಅಗಲಿಸಿದ ಮೇಲೆ ಒಳಗಿನ ಒಳ್ಳೆಯ ಸುತ್ತನ್ನು ಹಿಡಿದುಕೊಂಡು ಹೊರಮುಖವಾಗಿ ಕೊರೆಯುತ್ತ ಬರುವ ಟ್ಯಾಪಿನಿಂದ ಸರಿಮಾಡಬಹುದಿತ್ತು. ನಿಮ್ಮಲ್ಲಿ ಪ್ಲಗ್ ಸುಮ್ಮನೆ ತಿರುಗುತ್ತಿದೆ ಎಂದ ಮೇಲೆ ಬುಷ್ ಬೇಕೇ ಬೇಕು. ಅದರಲ್ಲಿ ಎರಡು ಬಗೆಯಿದೆ. ಒಂದು, ಸ್ಟೇನ್‌ಲೆಸ್ ತಂತಿಯನ್ನು ಸ್ಪ್ರಿಂಗಿನಂತೆ ಸುತ್ತಿದ ಹೆಲಿಕಾಯಿಲ್. ಇನ್ನೊಂದು, ಒಳಗೂ ಹೊರಗೂ ಥ್ರೆಡ್ ಇರುವ ಗಟ್ಟಿ ಉಕ್ಕಿನ ಬುಷ್. ಬೋಲ್ಟ್ ತೂತುಗಳಿಗೆ ಹೆಲಿಕಾಯಿಲ್ ಬಹಳ ಒಳ್ಳೆಯದು, ನಾನೂ ದಿನಾ ಹಾಕುತ್ತೇನೆ. ಆದರೆ ಮತ್ತೆ ಮತ್ತೆ ಬಿಚ್ಚುವ ಪ್ಲಗ್ಗಿನ ಜಾಗದಲ್ಲಿ ಇಂಗಾಲ ಕಟ್ಟಿಕೊಂಡು, ಪ್ಲಗ್ಗಿನ ಜೊತೆ ಸುರುಳಿಯೇ ಎದ್ದುಬಂದದ್ದನ್ನು ನೋಡಿದ್ದೇನೆ. ಕೆಳಗಿನ ಸುತ್ತುಗಳನ್ನು ಕೂರಿಸುವಾಗಲೇ ಅಗಲಿಸಿ ಹೆಡ್ಡಿಗೆ ಕಚ್ಚಿಸುವ ಗಟ್ಟಿ ಬುಷ್ ಹಾಗೆ ಬರುವುದಿಲ್ಲ.

ಬುಷ್ ಬಾಳುತ್ತದೆಯೇ ಎಂಬುದನ್ನು ಅದರ ಉದ್ದ ತೀರ್ಮಾನಿಸುತ್ತದೆ. ನಿಮ್ಮ ಪ್ಲಗ್ಗಿನ ಥ್ರೆಡ್ ಭಾಗವನ್ನು ಅಳೆದು ನೋಡಿ, 14 ಮಿ.ಮೀ. ದಪ್ಪದ, 19 ಮಿ.ಮೀ. ಉದ್ದದ ಪ್ಲಗ್ ಆಗಿದ್ದರೆ ಬುಷ್ ಕೂಡ ಆ ಉದ್ದಕ್ಕೇ ಸರಿಹೊಂದಬೇಕು. ಉದ್ದ ಹೆಚ್ಚಾದರೆ ಅದರ ಅಂಚು ದಹನದ ಕೋಣೆಯೊಳಗೆ ಚಾಚಿ, ಕೆಂಪಗೆ ಕಾದು, ಕಿಡಿ ಹಾರುವ ಮೊದಲೇ ಮಿಶ್ರಣಕ್ಕೆ ಬೆಂಕಿ ಹಚ್ಚುತ್ತದೆ. ಗಿಡ್ಡವಾದರೆ ಪ್ಲಗ್ಗಿನ ತುದಿಯ ಸುತ್ತುಗಳು ಬುಷ್ಷಿನಿಂದಾಚೆಗೆ ಉಳಿದು, ಅವುಗಳಿಗೆ ಇಂಗಾಲ ಮೆತ್ತಿ, ಮುಂದಿನ ಸಲ ಬಿಚ್ಚುವಾಗ ಇದೇ ಕಥೆ ಮರುಕಳಿಸುತ್ತದೆ. ಬುಷ್ಷಿಗೆ ಮೇಲೆ ಅಂಚು ಇದ್ದರೆ, ಆ ಅಂಚು ಹೆಡ್ಡಿನ ಮುಖಕ್ಕೆ ಸಮವಾಗಿ ಒಳಗೆ ಕೂರುವಷ್ಟು ಹೆಡ್ಡನ್ನು ಕಟ್ ಮಾಡಿಸಲೇಬೇಕು, ಇಲ್ಲವಾದರೆ ಪ್ಲಗ್ ಅಷ್ಟು ಮೇಲೆ ನಿಂತು ಕಿಡಿಯ ಜಾಗ ತೂತಿನೊಳಗೆ ಸರಿಯುತ್ತದೆ.

ನನ್ನ ಸಲಹೆ ಹೆಡ್ ಇಳಿಸುವುದೇ. ಎರಡು ಮಳೆಗಾಲ ನಿಂತ ಗಾಡಿಯ ವಾಲ್ವ್‌ಗಳನ್ನು ಹೇಗೂ ನೋಡಬೇಕು, ಟೈಮಿಂಗ್ ಬೆಲ್ಟ್ ಬದಲಿಸಬೇಕು, ಹೆಡ್ ಬಾಗಿದೆಯೇ ಎಂದು ನೇರವಾದ ಪಟ್ಟಿಯಿಟ್ಟು ಪರೀಕ್ಷಿಸಬೇಕು. ಇಳಿಸಿದ ಹೆಡ್ಡನ್ನು ಮೆಷಿನ್ನಿನಲ್ಲಿ ಕಟ್ಟಿ ಕೊರೆದರೆ ತೂತು ನೇರವಾಗಿ ಬರುತ್ತದೆ, ಚೂರುಗಳ ಭಯವೂ ಇರುವುದಿಲ್ಲ.

ಉತ್ತರ 2: ಮಣಿಪಾಲದಿಂದ

ಮೇಲಿನವರು ಹೇಳಿದ ಬುಷ್ಷಿನ ವಿಚಾರದಲ್ಲಿ ನನ್ನದು ಎರಡು ಮಾತಿಲ್ಲ. ಆದರೆ ಗಾಡಿಯಲ್ಲೇ ಮಾಡುವುದು ತಪ್ಪೆಂದು ಹೇಳಲಾರೆ, ಏಕೆಂದರೆ ನನ್ನ ಹಳೆಯ ಫಿಯೆಟ್‌ನಲ್ಲಿ ಹಾಗೆಯೇ ಮಾಡಿಸಿದ್ದು ಇಂದಿಗೂ ಗಟ್ಟಿಯಾಗಿದೆ. ಹಾಗೆ ಮಾಡಿಸುವುದಾದರೆ ಪಕ್ಕದಲ್ಲಿ ನಿಂತು ಈ ಕೆಲವನ್ನು ನೋಡಿಕೊಳ್ಳಿ.

ಟ್ಯಾಪಿನ ತುದಿ ದಹನದ ಕೋಣೆಯೊಳಗೆ ಇಳಿಯುವುದರಿಂದ ಪಿಸ್ಟನ್ ಕೆಳಗಿರಬೇಕು, ವಾಲ್ವ್ ಎರಡೂ ಮುಚ್ಚಿರಬೇಕು. ಮೂರೂ ಪ್ಲಗ್ ಬಿಚ್ಚಿ, ಮಧ್ಯದ ತೂತಿಗೆ ಹೆಬ್ಬೆರಳಿಟ್ಟು, ಟಾಪ್ ಗೇರಿನಲ್ಲಿ ಗಾಡಿಯನ್ನು ಮೆಲ್ಲಗೆ ಮುಂದಕ್ಕೆ ತಳ್ಳಿಸಿ. ಒಳಗಿನ ಗಾಳಿ ಬೆರಳನ್ನು ಒತ್ತಲು ಶುರುವಾದೊಡನೆ ನಿಲ್ಲಿಸಿದರೆ ಕಂಪ್ರೆಶನ್ನಿನ ಆರಂಭದಲ್ಲಿರುತ್ತೀರಿ, ಆಗ ವಾಲ್ವ್‌ಗಳು ಮುಚ್ಚಿದ್ದು ಪಿಸ್ಟನ್ ಇನ್ನೂ ಕೆಳಗಿರುತ್ತದೆ. ಚೂರುಗಳು ಅಂಟಿಕೊಳ್ಳಲೆಂದು ಟ್ಯಾಪಿನ ಉದ್ದ ಸೀಳುಗಳಿಗೆ ದಪ್ಪ ಗ್ರೀಸ್ ತುಂಬಿ, ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ ತಿರುಗಿಸುತ್ತ, ನಡುನಡುವೆ ಪೂರ್ತಿ ಹೊರತೆಗೆದು ಒರೆಸಿ ಹೊಸ ಗ್ರೀಸ್ ತುಂಬಬೇಕು. ಅವಸರದವರು ಈ ಒರೆಸುವ ಕೆಲಸವನ್ನೇ ಬಿಟ್ಟುಬಿಡುತ್ತಾರೆ. ಟ್ಯಾಪ್ ಮೊದಲ ಸುತ್ತಿನಲ್ಲೇ ವಾರೆಯಾಗಿ ಹೊಕ್ಕರೆ ಬುಷ್ ಕೂಡ ವಾರೆಯೇ, ಆಗ ವಾಷರ್ ಒಂದೇ ಬದಿಗೆ ತಾಗಿ ಮತ್ತೆ ಸೋರುತ್ತದೆ. ಕೊನೆಗೆ ವ್ಯಾಕ್ಯೂಮ್ ಕ್ಲೀನರಿಗೆ ಸಪೂರ ಪೈಪ್ ಸಿಕ್ಕಿಸಿ ಒಳಗಿನದನ್ನೆಲ್ಲ ಹೀರಿಸಿ, ಕಿಡಿ ಹಾರದಂತೆ ಇಗ್ನಿಷನ್ ಕಾಯಿಲ್ಲಿನ ಸಂಪರ್ಕ ತಪ್ಪಿಸಿ, ತೂತುಗಳ ಮೇಲೆ ಬಟ್ಟೆ ಹಿಡಿದು ಸ್ವಲ್ಪ ಹೊತ್ತು ಸ್ಟಾರ್ಟರ್ ತಿರುಗಿಸಿ.

ಆದರೂ ನಿಮ್ಮ ಗಾಡಿ ಇಷ್ಟು ಕಾಲ ನಿಂತಿದೆ ಎಂಬುದನ್ನು ನೋಡಿದರೆ ನಾನೂ ಹೆಡ್ ಇಳಿಸುವ ಕಡೆಗೇ ವಾಲುತ್ತೇನೆ.

ಉತ್ತರ 3: ಸುರತ್ಕಲ್‌ನಿಂದ

ಮುಂದೆ ಹೀಗಾಗದಂತೆ ಒಂದೆರಡು ಮಾತು. ನಮ್ಮ ಕರಾವಳಿಯ ಉಪ್ಪುಗಾಳಿ ಮತ್ತು ತೇವದಲ್ಲಿ ಉಕ್ಕಿನ ಪ್ಲಗ್ಗೂ ಅಲ್ಯೂಮಿನಿಯಂ ಹೆಡ್ಡೂ ಒಂದಕ್ಕೊಂದು ತಾಗಿಕೊಂಡಿದ್ದರೆ ಅಲ್ಯೂಮಿನಿಯಂ ಸವೆದು ಬಿಳಿಯ ಪುಡಿ ಕಟ್ಟುತ್ತದೆ, ಅದೇ ಪ್ಲಗ್ಗನ್ನು ಕಚ್ಚಿ ಹಿಡಿಯುವುದು. ಆದ್ದರಿಂದ ಗಾಡಿ ಓಡಲಿ ಬಿಡಲಿ, ಮಳೆಗಾಲದ ಮೊದಲೊಮ್ಮೆ, ಮುಗಿದ ಮೇಲೊಮ್ಮೆ ಪ್ಲಗ್ ಬಿಚ್ಚಿ ಹಾಕುವ ರೂಢಿ ಒಳ್ಳೆಯದು. ಎಂಜಿನ್ ಪೂರ್ತಿ ತಣಿದಿರಬೇಕು. ಬಿಗಿ ಎನಿಸಿದರೆ ಕಾಲು ಸುತ್ತು ಬಿಚ್ಚಿ, ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, ಮತ್ತೆ ಒಳಗೆ ತಿರುಗಿಸಿ, ಹೀಗೆ ಹಿಂದೆ ಮುಂದೆ ಆಡಿಸುತ್ತ ತೆಗೆಯಬೇಕೇ ಹೊರತು ಒಂದೇ ಉಸಿರಿಗೆ ಎಳೆಯಬಾರದು.

ಹಾಕುವಾಗ ಪ್ಲಗ್ಗಿನ ತಲೆಗೆ ಒಂದು ತುಂಡು ರಬ್ಬರ್ ಪೈಪ್ ಸಿಕ್ಕಿಸಿ ಅದರಿಂದಲೇ ತಿರುಗಿಸಿ. ಥ್ರೆಡ್ ಅಡ್ಡ ಹೊಕ್ಕರೆ ಪೈಪ್ ಜಾರುತ್ತದೆ, ಹೆಡ್ ಉಳಿಯುತ್ತದೆ. ವಾಷರ್ ಇರುವ 14 ಮಿ.ಮೀ. ಪ್ಲಗ್ಗಿಗೆ ಅಲ್ಯೂಮಿನಿಯಂ ಹೆಡ್ಡಿನಲ್ಲಿ 25ರಿಂದ 30 ನ್ಯೂಟನ್ ಮೀಟರ್ ಬಿಗಿ ಸಾಕು. ಟಾರ್ಕ್ ರೆಂಚ್ ಇಲ್ಲದಿದ್ದರೆ ಕೈಯಲ್ಲಿ ಕೂರಿಸಿದ ಮೇಲೆ ಹೊಸ ಪ್ಲಗ್ಗಿಗೆ ಅರ್ಧ ಸುತ್ತಿಗಿಂತ ತುಸು ಹೆಚ್ಚು ಸಾಕು. ಥ್ರೆಡ್ಡಿಗೆ ಗ್ರೀಸ್ ಬಳಿಯುವ ಅಭ್ಯಾಸ ನಮ್ಮ ಕಡೆ ಇದೆ, ಆದರೆ ಜಾರು ಥ್ರೆಡ್ಡಿನಲ್ಲಿ ಅದೇ ಟಾರ್ಕಿಗೆ ಬಿಗಿ ಬಹಳ ಹೆಚ್ಚಾಗಿ ಥ್ರೆಡ್ ಎಳೆದುಹೋಗುತ್ತದೆ, ಒಣಗಿದ್ದೇ ಲೇಸು.

ಪ್ರಶ್ನೆ ಕೇಳಿದವನಿಂದ

ಎಲ್ಲರಿಗೂ ಕೃತಜ್ಞತೆಗಳು. ಹೆಡ್ ಇಳಿಸಿಯೇ ಕೆಲಸ ಮಾಡಿಸಿದೆ. ಇಳಿಸಿದ ಮೇಲೆ ನೋಡಿದರೆ ಮಧ್ಯದ ತೂತಿನಲ್ಲಿ ಮೊದಲೇ ಯಾರೋ ಹಾಕಿದ್ದ ತಂತಿಸುರುಳಿಯ ಎರಡು ಸುತ್ತು ಉಳಿದುಕೊಂಡಿತ್ತು. ಅಂದರೆ ಈ ಥ್ರೆಡ್ ಹಿಂದೆಯೂ ಒಮ್ಮೆ ಹೋಗಿತ್ತು, ನಾನು ಅಲ್ಯೂಮಿನಿಯಂ ಎಂದುಕೊಂಡಿದ್ದ ಎಳೆಗಳಲ್ಲಿ ಕೆಲವು ಆ ತಂತಿಯ ತುಂಡುಗಳಾಗಿದ್ದವು. ಪಿಸ್ಟನ್ನಿನ ಮೇಲೂ ಒಂದು ಚೂರು ಬಿದ್ದಿತ್ತು, ಮೇಲಿನಿಂದಲೇ ಬುಷ್ ಹಾಕಿಸಿದ್ದರೆ ಅದು ಕಣ್ಣಿಗೆ ಬೀಳುತ್ತಿತ್ತೋ ಇಲ್ಲವೋ. ಗಟ್ಟಿ ಬುಷ್ 19 ಮಿ.ಮೀ. ಅಳತೆಗೆ ಸರಿಯಾಗಿ ಕೂತಿದೆ. ವಾಲ್ವ್ ಉಜ್ಜಿಸಿ, ಹೊಸ ಗ್ಯಾಸ್ಕೆಟ್, ಹೊಸ ಬೆಲ್ಟ್ ಹಾಕಿಸಿದ್ದಾಗಿದೆ. ನಿನ್ನೆ ಅಮ್ಮನನ್ನು ಕೂರಿಸಿಕೊಂಡು ಕಾಪುವಿನವರೆಗೆ ಹೋಗಿಬಂದು, ಎಂಜಿನ್ ತಣಿದ ಮೇಲೆ ಪ್ಲಗ್ಗಿನ ಬುಡ ನೋಡಿದೆ. ಎಲ್ಲೂ ಕಪ್ಪು ಗೆರೆಯಿಲ್ಲ, ಒಣಗಿದೆ.