ಸಹಾಯ ಬೇಕು: ಹಾಲಿನ ವ್ಯಾಪಾರನೂ ಸೇರಿಸಿ 40 ಲಕ್ಷ ದಾಟಿದ್ರೆ ಜಿಎಸ್‌ಟಿ ಹೇಗೆ?

ಎಲ್ಲರಿಗೂ ನಮಸ್ಕಾರ. ತುಮಕೂರಲ್ಲಿ ಸಣ್ಣ ಪ್ರಾವಿಷನ್ ಸ್ಟೋರ್ ಇಟ್ಕೊಂಡಿದೀನಿ, ನಾನು ನಮ್ಮನೆಯವ್ರು ಇಬ್ರೇ ನೋಡ್ಕೊಳ್ಳೋದು, ಬೆಳಗ್ಗೆ ಐದಕ್ಕೆ ಹಾಲು ಇಳಿಸ್ಕೊಂಡ್ರೆ ರಾತ್ರಿ ಹತ್ತಕ್ಕೆ ಶಟರ್ ಎಳೆಯೋದು. ಈ ವರ್ಷ ವ್ಯಾಪಾರ 40 ಲಕ್ಷದ ಹತ್ರ ಬಂದಿದೆ, ಆದ್ರೆ ಅದ್ರಲ್ಲಿ ಅರ್ಧಕ್ಕಿಂತ ಜಾಸ್ತಿ ನಂದಿನಿ ಹಾಲು, ತರಕಾರಿ, ಬ್ರೆಡ್ಡು. ಇವಕ್ಕೆ ಟ್ಯಾಕ್ಸೇ ಇಲ್ಲ, ಹಾಲಲ್ಲಿ ಉಳಿಯೋದೂ ಪುಡಿಗಾಸು. ಆದ್ರೂ ಸೋಪು ಬಿಸ್ಕತ್ತು ಮಾರ್ತೀವಲ್ಲ, ಅದಕ್ಕೆ ಜಿಎಸ್‌ಟಿ ರಿಜಿಸ್ಟ್ರೇಷನ್‌ನ 40 ಲಕ್ಷದ ಲಿಮಿಟ್‌ಗೆ ಹಾಲಿನ ದುಡ್ಡೂ ಸೇರುತ್ತಂತೆ, ಇದು ಗೊತ್ತಾದಾಗಿಂದ ನಿದ್ದೆ ಸರಿಯಾಗಿ ಬರ್ತಿಲ್ಲ.

ಕಾಂಪೊಸಿಷನ್, ಅಂದ್ರೆ ಸಣ್ಣ ವ್ಯಾಪಾರಿಗಳಿಗಿರೋ ಸರಳ ಜಿಎಸ್‌ಟಿ ಸ್ಕೀಮ್, ತಗೊಂಡ್ರೆ ಮೂರು ತಿಂಗಳಿಗೊಂದ್ಸಲ 1% ಕಟ್ಬೇಕು, ಅದನ್ನ ಗಿರಾಕಿ ಹತ್ರ ವಸೂಲಿ ಮಾಡೋ ಹಾಗಿಲ್ಲ, ಸರಿ ಒಪ್ಕೋತೀನಿ. ಆ 1% ಹಾಲು ತರಕಾರಿ ಬಿಟ್ಟು ಉಳಿದಿದ್ದಕ್ಕೆ ಮಾತ್ರ ತಾನೆ? ಕಿರಾಣಿ ಅಂಗಡಿ ನಡೆಸೋರು ಲೆಕ್ಕದ ಪುಸ್ತಕದಲ್ಲಿ ಎರಡನ್ನೂ ಹೇಗೆ ಬೇರೆ ಬರೀತೀರ? ಇನ್ನೊಂದು, ತಂಗಿ ಮದುವೆಗೆ ಭಾವ ಕೊಟ್ಟ ಸಾಲ, ಚೀಟಿ ದುಡ್ಡು ಎಲ್ಲ ಅಂಗಡಿ ಕ್ಯೂಆರ್ ಇರೋ ಅಕೌಂಟ್‌ಗೇ ಬಂದಿದೆ, ಅದು ವ್ಯಾಪಾರ ಅಲ್ಲ ಅಂತ ತೋರ್ಸೋಕೆ ಏನೇನು ದಾಖಲೆ ಇಟ್ಕೋಬೇಕು?

2025ರ ಜುಲೈನಲ್ಲಿ ಬೆಂಗಳೂರಲ್ಲಿ ಯುಪಿಐ ಲೆಕ್ಕ ನೋಡಿ ಜಿಎಸ್‌ಟಿ ನೋಟಿಸ್ ಬರುತ್ತೆ ಅಂತ ಎಷ್ಟೋ ಅಂಗಡಿಯವ್ರು ಯುಪಿಐ ಇಲ್ಲ ಕ್ಯಾಶ್ ಮಾತ್ರ ಅಂತ ಬೋರ್ಡ್ ಹಾಕಿದ್ರಲ್ಲ, ನನಗೂ ಹಾಗೇ ಮಾಡು ಅಂತಿದಾರೆ. ನನಗೆ ಮನಸ್ಸಿಲ್ಲ, ಕಾಲೇಜು ಹುಡುಗ್ರು ಜೇಬಲ್ಲಿ ಚಿಲ್ಲರೆನೇ ಇಟ್ಕೊಳ್ಳಲ್ಲ, ನಿಯಮದ ಪ್ರಕಾರನೇ ಕಟ್ಟಿ ನೆಮ್ಮದಿಯಾಗಿ ಇರ್ಬೇಕು.

ಸಣ್ಣ ಅಂಗಡಿ ಲೆಕ್ಕ ನೋಡೋ ಆಡಿಟರ್ ಈ ಕಡೆ ಗೊತ್ತಿದ್ರೆ, ಫೀಸ್ ಎಷ್ಟಾಗುತ್ತೆ ಅಂತಾನೂ ದಯವಿಟ್ಟು ತಿಳಿಸಿ.