ಅಪ್‌ಡೇಟ್: ಹುಲ್ಲು ಕೊಯ್ಯದೆ ಮಲಗಿಸುತ್ತಿದ್ದ ಹಳೇ ಟ್ರ್ಯಾಕ್ಟರ್

ಹೋದ ತಿಂಗಳು ಕೇಳಿದ್ದೆ, ನೆನಪಿದೆಯಾ? ಬ್ರಹ್ಮಾವರದ ಹತ್ತಿರ ನಮ್ಮ ಗೇರು ತೋಟ, ಅಜ್ಜನ ಕಾಲದ ಪುಟ್ಟ ಟ್ರ್ಯಾಕ್ಟರ್, ಅದರ ಪಕ್ಕಕ್ಕೆ 5 ಅಡಿಯ ಸಿಕಲ್ ಬಾರ್ ಮೂವರ್ (ಉದ್ದನೆ ಬಾರಿನಲ್ಲಿ ಸಾಲು ಬ್ಲೇಡುಗಳು ಆಚೀಚೆ ಓಡಿ ಹುಲ್ಲು ಕೊಯ್ಯುವ ಯಂತ್ರ). ಮುಳಿಹುಲ್ಲನ್ನು ಕೊಯ್ಯೋದು ಬಿಟ್ಟು ಸುಮ್ನೆ ಮಲಗಿಸಿ ಹೋಗುತ್ತಿತ್ತು. ಈಗ ಸರಿಯಾಗಿದೆ.

ಬ್ಲೇಡ್ ಮೊಂಡಾಗಿದೆ ಅಂತ ಜಾಸ್ತಿ ಜನ ಹೇಳಿದ್ರಿ. ಎಲ್ಲ ತ್ರಿಕೋನದ ಬ್ಲೇಡುಗಳನ್ನೂ ಕೂತು ಮಸೆದೆ. ಏನೂ ಪ್ರಯೋಜನ ಆಗಲಿಲ್ಲ. ತೊಂದರೆ ಇದ್ದದ್ದು ಅವನ್ನು ಒತ್ತಿ ಹಿಡಿಯುವ ಕ್ಲಿಪ್‌ಗಳಲ್ಲಿ. ಸವೆದು ಮೇಲೆದ್ದಿದ್ದವು. ಬ್ಲೇಡಿಗೂ ಕೆಳಗಿನ ತಟ್ಟೆಗೂ ನಡುವೆ ಉಗುರು ತೂರುವಷ್ಟು ಸಂದು! ಸಡಿಲ ಕತ್ತರಿಗೆ ಬಟ್ಟೆ ಸಿಕ್ಕಿದ ಹಾಗೆ ಹುಲ್ಲು ಅಲ್ಲೇ ಮಡಚಿಕೊಳ್ಳುತ್ತಿತ್ತು. ಸುತ್ತಿಗೆಯಲ್ಲಿ ಮೆಲ್ಲ ತಟ್ಟಿ ಕೂರಿಸಿದೆ. ಬ್ಲೇಡ್ ಆಚೀಚೆ ಸರಿಯಬೇಕು, ಮೇಲೆ ಕೆಳಗೆ ಅಲುಗಾಡಬಾರದು. ಕ್ಲಿಪ್ ನೋಡಿ ಅಂದ ಹಿರಿಯಡ್ಕದ ಅಣ್ಣನಿಗೆ ಥ್ಯಾಂಕ್ಸ್.

ಬಾರಿನ ಹೊರತುದಿಯೂ ಹಿಂದಕ್ಕೆ ವಾಲಿತ್ತು. ಅಡಿಗೆ ಕಾಲಿಂಚಿನ ಲೆಕ್ಕದಲ್ಲಿ ಒಳತುದಿಗಿಂತ ಒಂದೂಕಾಲು ಇಂಚು ಮುಂದೆ ಇರುವ ಹಾಗೆ ತಂದೆ.

ಕ್ಲಚ್ ಒತ್ತಿದರೆ ಪಿಟಿಒ (ಎಂಜಿನ್ನಿನ ಶಕ್ತಿಯನ್ನು ಮೂವರಿಗೆ ಕೊಡುವ ತಿರುಗು ದಂಡ) ಕೂಡ ನಿಂತು ಬ್ಲೇಡ್ ನಿಲ್ಲುವುದು ಮಾತ್ರ ಹಾಗೇ ಇದೆ. ಹಳೇ ಗಾಡಿ, ಅಲ್ವಾ. ಹುಲ್ಲು ದಟ್ಟ ಇರುವಲ್ಲಿ ಮೊದಲೇ ಗೇರ್ ಇಳಿಸುತ್ತೇನೆ. ಹುಲ್ಲು ಸಿಕ್ಕಿಕೊಂಡರೆ ಎಂಜಿನ್ ಆಫ್ ಮಾಡದೆ ಕೈ ಹಾಕುವುದಿಲ್ಲ. ಮುರಕಲ್ಲು ಎದ್ದಿರುವ ಮೂಲೆಗೆ ಈಗಲೂ ಅಮ್ಮನ ಕತ್ತಿಯೇ ಗತಿ.